ಚಪ್ಪಡಿ ಎತ್ತುವ ಮುನ್ನ

ಕೊಡಗಿನಲ್ಲಿ ತೋಟದೊಳಗೆ ಕಲ್ಲುಗೋರಿ (ಕಬ್ಬಿಣ ಯುಗದವರು ಚಪ್ಪಡಿಗಳಿಂದ ಕಟ್ಟಿದ ಸಮಾಧಿ) ಸಿಕ್ಕಿತು ಎಂಬ ಸುದ್ದಿ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ‘ಎಷ್ಟು ಹಳೆಯದು?’ ಎಂಬುದಲ್ಲ, ‘ಜಾಗ ಹೋಗ್ತದಾ?’ ಎಂಬುದು. ಐದು ಎಕರೆಯವರೂ ಐವತ್ತು ಎಕರೆಯವರೂ ಕೇಳುವುದು ಇದನ್ನೇ, ಸ್ವಲ್ಪ ದನಿ ತಗ್ಗಿಸಿ. ಪುರಾತತ್ತ್ವದ ನೀತಿಯ ಬಗ್ಗೆ ನಡೆಯುವ ವಿಚಾರಸಂಕಿರಣಗಳಲ್ಲಿ ವಸಾಹತುಶಾಹಿ, ಸಮುದಾಯದ ಹಕ್ಕು, ಬಹುದನಿ ಎಂಬ ದೊಡ್ಡ ಮಾತುಗಳು ಬರುತ್ತವೆ. ಬೇಕಾದ ಮಾತುಗಳೇ ಅವು. ಆದರೆ ಈ ಎರಡು ಪದದ ಪ್ರಶ್ನೆಗೆ ಕೂತು ನೆಟ್ಟಗೆ ಉತ್ತರ ಹೇಳುವವರು ಕಡಿಮೆ. ಉತ್ತರ ಸಿಗದಿದ್ದಾಗ ತೋಟದವರು ತಮಗೆ ತೋಚಿದ್ದನ್ನು ಮಾಡುತ್ತಾರೆ. ಚಪ್ಪಡಿ ಎತ್ತಿ ಚರಂಡಿಗೆ ಅಡ್ಡ ಹಾಸುತ್ತಾರೆ, ಗುಂಡಿ ಮುಚ್ಚುತ್ತಾರೆ, ಅದರ ಮೇಲೆ ಗಿಡ ನೆಡುತ್ತಾರೆ. ಎರಡು ಸಾವಿರ ವರ್ಷ ನಿಂತದ್ದು ಒಂದು ಮಧ್ಯಾಹ್ನದಲ್ಲಿ ಇಲ್ಲವಾಗುತ್ತದೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ, ಹೆದರಿಕೆ ಮಾತ್ರ ಇರುತ್ತದೆ. ಆ ಹೆದರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳದೆ ಈ ಜಿಲ್ಲೆಯಲ್ಲಿ ಪುರಾತತ್ತ್ವದ ಯಾವ ಸಿದ್ಧಾಂತವೂ ನೆಲಕ್ಕೆ ತಾಗುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಒಂದಡಿ, ಒಂದೂವರೆ ಅಡಿ

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ 1958ರದ್ದು. ರಾಜ್ಯಕ್ಕೆ 1961ರ ಬೇರೆ ಕಾಯ್ದೆಯಿದೆ. ಗೋರಿ ಸಿಕ್ಕಿತು ಎಂದ ಮಾತ್ರಕ್ಕೆ ಅದು ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಕೇಂದ್ರದ ಕಾಯ್ದೆಯಂತೆ ಸರ್ಕಾರ ಗೆಜೆಟ್‌ನಲ್ಲಿ ಎರಡು ತಿಂಗಳ ನೋಟಿಸ್ ಹೊರಡಿಸಬೇಕು, ಅದರ ಪ್ರತಿಯನ್ನು ಸ್ಥಳದ ಹತ್ತಿರ ಎದ್ದು ಕಾಣುವಂತೆ ಅಂಟಿಸಬೇಕು, ಸಂಬಂಧಪಟ್ಟವರ ಆಕ್ಷೇಪಣೆ ಕೇಳಬೇಕು. ಆಮೇಲೆ ಘೋಷಣೆ. ಘೋಷಣೆಯಾದ ಮೇಲೂ ಜಾಗ ತಾನಾಗಿ ಸರ್ಕಾರದ್ದಾಗುವುದಿಲ್ಲ, ಸ್ವಾಧೀನಕ್ಕೆ ಬೇರೆಯೇ ಕ್ರಮವಿದೆ. ಹಾಗಾಗಿ ‘ಜಾಗ ಹೋಗ್ತದಾ?’ ಎಂದರೆ, ಹೋಗುವುದಿಲ್ಲ.

ಆದರೆ ಈ ಉತ್ತರ ಕೊಟ್ಟು ಸುಮ್ಮನಾದರೆ ಅದು ಪೂರ್ತಿ ಸತ್ಯವಲ್ಲ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಒಂದೇ ಒಂದು ಗೋರಿಯನ್ನು ನಡುವಿನ ಚುಕ್ಕೆ ಎಂದಿಟ್ಟುಕೊಂಡರೂ 100 ಮೀಟರ್ ತ್ರಿಜ್ಯದ ವೃತ್ತ ಎಂದರೆ ಸುಮಾರು ಏಳೂಮುಕ್ಕಾಲು ಎಕರೆ. ನಿಯಂತ್ರಿತ ವಲಯವೂ ಸೇರಿದರೆ ಎಪ್ಪತ್ತು ಎಕರೆ ಹತ್ತಿರ. ಐದು ಎಕರೆಯವರ ಇಡೀ ತೋಟ ಒಳ ವೃತ್ತದಲ್ಲೇ ಮುಗಿದುಹೋಗಬಹುದು. ಮಗನಿಗೆ ಒಂದು ಮನೆ, ಒಂದು ಹೊಸ ಗೋದಾಮು, ಒಂದು ಹೋಂಸ್ಟೇ ಕಟ್ಟುವ ಆಸೆ ಅಲ್ಲಿಗೆ ನಿಂತಿತು. ಬೆಳೆಯ ಮಾತೇ ಬೇರೆ. ಸಂರಕ್ಷಿತ ಪ್ರದೇಶದ ಒಳಗೂ ಬೇಸಾಯಕ್ಕೆ ಕಾಯ್ದೆ ಅಡ್ಡಿ ಮಾಡುವುದಿಲ್ಲ, ಆದರೆ ಮಣ್ಣು ಅಗೆಯುವುದು ಮೇಲ್ಮೈಯಿಂದ ಒಂದು ಅಡಿ ಮೀರಬಾರದು. ಗದ್ದೆಗೆ ಇದು ಸಾಕು. ಕಾಫಿ ಗುಂಡಿ ಒಂದೂವರೆ ಅಡಿ. ಆ ಅರ್ಧ ಅಡಿಯ ವ್ಯತ್ಯಾಸದಲ್ಲಿ ಕೊಡಗಿನ ಪುರಾತತ್ತ್ವದ ಇಡೀ ಇಕ್ಕಟ್ಟು ಕೂತಿದೆ. ಕಾಯ್ದೆ ಬರೆಯುವಾಗ ಕಣ್ಣ ಮುಂದಿದ್ದುದು ಬಯಲುಸೀಮೆಯ ಹೊಲ, ಮಲೆನಾಡಿನ ತೋಟವಲ್ಲ. ಹೀಗಿರುವಾಗ ತೋಟದವರ ಭಯವನ್ನು ಅಜ್ಞಾನ ಎನ್ನುವುದು ಅನ್ಯಾಯ. ಲೆಕ್ಕ ಹಾಕಿದರೆ ಅವರ ಭಯಕ್ಕೆ ಆಧಾರವಿದೆ.

ಬಕೆಟ್ಟಿನ ಹಲ್ಲು ತಾಗಿದಾಗ

ಒಂದು ದೃಶ್ಯ ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ನಡೆಯುವಂಥದ್ದು. ಹಳೆಯ ಅರೇಬಿಕಾ ಕಿತ್ತು ರೊಬಸ್ಟಾ ಹಾಕಲು, ಅಥವಾ ಬಾಣೆಯಲ್ಲಿ (ಗದ್ದೆಗೆ ಸೇರಿದ ಮರಗಾಡಿನ ಜಾಗದಲ್ಲಿ) ಹೊಸ ರಸ್ತೆ ತೆಗೆಯಲು ಹಿಟಾಚಿ ಬಂದಿರುತ್ತದೆ. ಮಣ್ಣಿನಲ್ಲಿ ಬಕೆಟ್ಟಿನ ಹಲ್ಲು ಬಂಡೆಗೆ ತಾಗಿದರೆ ಕಿರ್ ಎಂಬ ಸದ್ದು, ಚಪ್ಪಡಿಗೆ ತಾಗಿದರೆ ಕೆಳಗೆ ಖಾಲಿಯಿರುವ ಕಾರಣ ಡೋಲಿನಂಥ ಸದ್ದು. ಡ್ರೈವರ್‌ಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ‘ಒಳಗೆ ಟೊಳ್ಳುಂಟು ಸಾರ್’ ಎಂದು ಗಾಡಿ ನಿಲ್ಲಿಸುತ್ತಾನೆ. ಗುಂಡಿ ತೆಗೆಯುತ್ತಿದ್ದವರು ಹಾರೆ ಬಿಟ್ಟು ಬರುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಹಚ್ಚುತ್ತಾನೆ. ಮಾಲೀಕರು ಬರುವಷ್ಟರಲ್ಲಿ ಯಾರೋ ಒಬ್ಬ ಚಪ್ಪಡಿಯ ಅಂಚಿನಿಂದ ಒಳಗೆ ಟಾರ್ಚ್ ಬಿಟ್ಟಿರುತ್ತಾನೆ. ಮಣ್ಣಿನಲ್ಲಿ ಅರ್ಧ ಹೂತ ಮಡಕೆಯ ಕಂಠ ಕಾಣುತ್ತದೆ, ಒಳಗೆ ಕಪ್ಪು, ಹೊರಗೆ ಕೆಂಪು. ನಿಧಿ ಎಂಬ ಮಾತು ಅಲ್ಲಿಗೆ ಬಂದೇ ಬರುತ್ತದೆ. ಮಡಕೆ ಎತ್ತುತ್ತಾರೆ. ಒದ್ದೆ ಮಣ್ಣಿನಲ್ಲಿ ನೂರಾರು ಮಳೆಗಾಲ ಕಳೆದ ಮಡಕೆ ನೆನೆದ ಬಿಸ್ಕತ್ತಿನಷ್ಟು ಮೆತ್ತಗಿರುತ್ತದೆ. ಕಂಠ ಕೈಯಲ್ಲಿ ಉಳಿಯುತ್ತದೆ, ಹೊಟ್ಟೆ ಅಲ್ಲೇ ಕಳಚುತ್ತದೆ. ಒಳಗಿನ ಮಣ್ಣು ಕೈಯಲ್ಲಿ ಹಿಚುಕಿ ನೋಡಿ ಏನೂ ಇಲ್ಲ ಎಂದು ಎಸೆಯುತ್ತಾರೆ. ಒಂದು ತುಕ್ಕು ಹಿಡಿದ ಕಬ್ಬಿಣದ ತುಂಡು ಸಿಕ್ಕರೆ ಕಲ್ಲಿಗೆ ಬಡಿದು ತುಕ್ಕು ಉದುರಿಸುತ್ತಾರೆ, ತುಕ್ಕಿನ ಜೊತೆ ಕಬ್ಬಿಣವೂ ಉದುರುತ್ತದೆ. ಸಂಜೆಗೆ ಚಪ್ಪಡಿ ಕೆರೆಯ ಬದಿ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ.

ಇಲ್ಲಿ ಕಳೆದುಹೋದದ್ದು ಮಡಕೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಮಡಕೆ ಇಂಥವೇ ಸಾವಿರ ಇವೆ, ವಸ್ತುಸಂಗ್ರಹಾಲಯಗಳ ಉಗ್ರಾಣಗಳಲ್ಲಿ ಪೆಟ್ಟಿಗೆ ಪೆಟ್ಟಿಗೆ ತುಂಬಿವೆ. ಕಳೆದದ್ದು ಮಡಕೆ ಕೂತಿದ್ದ ಜಾಗ. ಕೊಡಗಿನ ಕಲ್ಲುಗೋರಿ ಸಾಮಾನ್ಯವಾಗಿ ನಾಲ್ಕು ನಿಲುಗಲ್ಲು, ಮೇಲೊಂದು ಹೊದಿಕೆ ಚಪ್ಪಡಿ, ಎಷ್ಟೋ ಕಡೆ ಕೆಳಗೊಂದು ಹಾಸು, ಮುಂದಿನ ಕಲ್ಲಿನಲ್ಲೊಂದು ಕಿಂಡಿ. ಕಿಂಡಿ ಯಾವ ದಿಕ್ಕಿಗಿದೆ, ಯಾವ ಕಲ್ಲು ಯಾವ ಕಲ್ಲಿಗೆ ಆತುಕೊಂಡಿದೆ, ಅಂದರೆ ಯಾವುದನ್ನು ಮೊದಲು ನಿಲ್ಲಿಸಿದರು, ಸುತ್ತ ಕಲ್ಲಿನ ವೃತ್ತ ಇದೆಯೇ, ಮಡಕೆ ಮೂಲೆಯಲ್ಲಿತ್ತೇ ನಡುವಿನಲ್ಲಿತ್ತೇ, ಮಗುಚಿತ್ತೇ ನೆಟ್ಟಗಿತ್ತೇ, ಕಬ್ಬಿಣ ಮಡಕೆಯ ಕೆಳಗಿತ್ತೇ ಮೇಲಿತ್ತೇ ಎಂಬುದರಿಂದ ಅಂದಿನವರು ಸತ್ತವರನ್ನು ಹೇಗೆ ಕಳಿಸಿಕೊಟ್ಟರು ಎಂಬುದು ತಿಳಿಯುತ್ತದೆ. ಗೋರಿಯನ್ನು ಒಮ್ಮೆ ಬಳಸಿ ಮುಚ್ಚಿದರೋ, ಮತ್ತೆ ಮತ್ತೆ ಕಿಂಡಿಯಿಂದ ಮೂಳೆ ಸೇರಿಸುತ್ತಾ ಹೋದರೋ ಎಂಬುದನ್ನು ಒಳಗಿನ ಮಣ್ಣಿನ ಪದರ ಹೇಳುತ್ತದೆ. ಕಿಂಡಿಯ ಮೂಲಕ ವರ್ಷ ವರ್ಷ ಹರಿದು ಬಂದ ಸಣ್ಣ ಮಣ್ಣು ಎಳೆ ಎಳೆಯಾಗಿ ಕೂತಿರುತ್ತದೆ, ಮನುಷ್ಯರು ತುಂಬಿದ ಮಣ್ಣು ಹೆಂಟೆ ಹೆಂಟೆಯಾಗಿ ಬೆರೆತಿರುತ್ತದೆ. ಒಂದು ಸಲ ಹಾರೆ ಹಾಕಿದರೆ ಎರಡೂ ಒಂದೇ ಗುಡ್ಡೆ.

ಕೊಡಗಿನ ಮಣ್ಣಿಗೆ ಇನ್ನೊಂದು ಗುಣವಿದೆ. ಹುಳಿ ಮಣ್ಣು, ಮೇಲೆ ಧೋ ಎಂದು ಸುರಿಯುವ ಮಳೆ. ಸುಡದ ಮೂಳೆ ಇಲ್ಲಿ ಕರಗಿ ಹೋಗುತ್ತದೆ. ಚೆನ್ನಾಗಿ ಸುಟ್ಟ ಮೂಳೆಯ ಚೂರುಗಳು, ಹಲ್ಲಿನ ಮೇಲ್ಹೊದಿಕೆ ಉಳಿದರೆ ಪುಣ್ಯ. ಹಾಗಾಗಿ ಬಯಲುಸೀಮೆಯ ಗೋರಿಯಲ್ಲಿ ಅಸ್ಥಿಪಂಜರ ಹೇಳುವ ಕತೆಯನ್ನು ಇಲ್ಲಿ ಮಣ್ಣಿನ ಬಣ್ಣ, ಇದ್ದಲ ಚೂರು, ಮೂರು ನಾಲ್ಕು ಮಿಲಿಮೀಟರಿನ ಮಣಿ ಹೇಳಬೇಕು. ಆ ಮಣಿ ಕೈಗೆ ಸಿಗುವುದಿಲ್ಲ. ಎರಡು ಮಿಲಿಮೀಟರಿನ ಜರಡಿಯಲ್ಲಿ, ಅದೂ ನೀರು ಹಾಕಿ ಜಾಲಿಸಿದರೆ ಮಾತ್ರ ಸಿಗುತ್ತದೆ.

ಮೊದಲ ಒಂದು ಗಂಟೆ

ಹಾಗಾದರೆ ಚಪ್ಪಡಿ ಕಂಡ ಮೊದಲ ಗಂಟೆಯಲ್ಲಿ ಏನು ಮಾಡಬೇಕು? ಯಂತ್ರ ನಿಲ್ಲಿಸಿ ಹಿಂದಕ್ಕೆ ತೆಗೆಯಬೇಕು, ಚಪ್ಪಡಿಯ ಮೇಲಿಂದ ಅಲ್ಲ, ಬಂದ ದಾರಿಯಲ್ಲೇ. ಒಳಗೆ ಯಾರೂ ಇಳಿಯಬಾರದು. ಇದು ಶಾಸ್ತ್ರದ ಮಾತಲ್ಲ, ಜೀವದ ಮಾತು. ನಿಲುಗಲ್ಲನ್ನು ಹೊರಗಿನ ಮಣ್ಣು ಒಳಕ್ಕೆ ತಳ್ಳುತ್ತಿರುತ್ತದೆ, ಒಳಗಿನ ಮಣ್ಣು ಹೊರಕ್ಕೆ ತಳ್ಳಿ ಅದನ್ನು ನಿಲ್ಲಿಸಿರುತ್ತದೆ. ಒಳಗಿನದನ್ನು ತೋಡಿದ ಕೂಡಲೇ ಕಲ್ಲು ಒಳಕ್ಕೆ ವಾಲುತ್ತದೆ, ಮೇಲಿನ ಚಪ್ಪಡಿ ಅದರ ಜೊತೆ ಬರುತ್ತದೆ. ಚಪ್ಪಡಿಯ ತೂಕ ಟನ್ನುಗಳಲ್ಲಿ. ಹಾವಿನ ಭಯ ಬೇರೆ.

ಆಮೇಲೆ ಫೋಟೋ. ಮೊದಲ ಫೋಟೋ ದೂರದಿಂದ, ಸುತ್ತಲ ಮರ, ಇಳಿಜಾರು, ರಸ್ತೆ ಕಾಣುವಂತೆ. ಹತ್ತಿರದ ಫೋಟೋ ಮಾತ್ರ ತೆಗೆದರೆ ಒಂದು ವರ್ಷದ ಮೇಲೆ ಅದು ಯಾವ ಕಲ್ಲು ಎಂದು ತೆಗೆದವರಿಗೇ ಹೇಳಲಾಗುವುದಿಲ್ಲ. ಹತ್ತಿರದ ಫೋಟೋದಲ್ಲಿ ಅಳತೆಗೆ ಒಂದು ವಸ್ತು ಇಡಬೇಕು. ಒಂದೊಂದು ಅಡಿಗೆ ಗುರುತು ಹಾಕಿದ ಕೋಲು ಒಳ್ಳೆಯದು, ಸಿಲ್ವರ್ ಮರದ ಎಲೆಯೋ ಕೈಯೋ ಇಟ್ಟರೆ ಅಳತೆ ಸಿಗುವುದಿಲ್ಲ. ಉತ್ತರ ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ನೋಡಿ ನೆಲದಲ್ಲಿ ಕಡ್ಡಿ ಇಟ್ಟು ತೋರಿಸಬೇಕು, ಹಿಟಾಚಿಯ ಕಬ್ಬಿಣದಿಂದ ಸಾಕಷ್ಟು ದೂರ ಹೋಗಿ ನೋಡಬೇಕು, ಇಲ್ಲದಿದ್ದರೆ ಮುಳ್ಳು ತಪ್ಪು ತೋರಿಸುತ್ತದೆ. ಜಿಪಿಎಸ್ ಅನ್ನು ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಆಗದ ತೋಟದಲ್ಲಿ ಪೂರ್ತಿ ನಂಬಬಾರದು. ನೆರಳಿನ ಕೆಳಗೆ ಹತ್ತು ಮೀಟರ್, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಅತ್ತಿತ್ತ ಆಗುತ್ತದೆ. ಅದರ ಜೊತೆ ಕದಲದ ಎರಡು ಗುರುತಿನಿಂದ, ಉದಾಹರಣೆಗೆ ಗೇಟಿನ ಕಂಬ, ಕಣದ ಮೂಲೆ, ಟೇಪಿನಲ್ಲಿ ಅಳೆದು ಬರೆದುಕೊಂಡರೆ ಅದು ಐವತ್ತು ವರ್ಷಕ್ಕೂ ಸಾಕು.

ಮಳೆ ಬರುವ ಹಾಗಿದ್ದರೆ ಮೇಲಿನ ಕಡೆ ಒಂದು ಸಣ್ಣ ಕಾಲುವೆ ತೆಗೆದು ನೀರನ್ನು ಬದಿಗೆ ಬಿಡಬೇಕು. ಟಾರ್ಪಾಲನ್ನು ಕೋಲು ಕೊಟ್ಟು ಎತ್ತರದಲ್ಲಿ ಕಟ್ಟಬೇಕು. ಮಣ್ಣಿಗೆ ಅಂಟಿಸಿ ಹೊದಿಸಿದರೆ ಒಳಗೆ ಬೆವೆತು ಬೂಸಲು ಬರುತ್ತದೆ. ಆಗಲೇ ಹೊರಬಿದ್ದ ಮಡಕೆ ಚೂರುಗಳನ್ನು ತೊಳೆಯಬಾರದು, ಬಿಸಿಲಿಗೆ ಇಡಬಾರದು. ಅಂಟಿದ ಮಣ್ಣಿನ ಸಮೇತ ನೆರಳಿನಲ್ಲಿ ನಿಧಾನ ಒಣಗಿಸಬೇಕು. ಮಡಕೆಯೊಳಗಿನ ಮಣ್ಣು ಮಡಕೆಗಿಂತ ಬೆಲೆಬಾಳುವಂಥದ್ದು, ಅದನ್ನು ಚೆಲ್ಲಲೇಬಾರದು. ಇದ್ದಲು ಕಂಡರೆ ಬರಿಗೈಯಲ್ಲಿ ಮುಟ್ಟದೆ ಚಾಕುವಿನ ತುದಿಯಲ್ಲಿ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಬೇಕು. ಹತ್ತಿ, ಪೇಪರ್ ಬೇಡ. ಅದರ ನಾರೂ ಇಂಗಾಲವೇ. ಈಗಿನ ಕಾಲಮಾಪನಕ್ಕೆ ಕೆಲವು ಮಿಲಿಗ್ರಾಂ ಇದ್ದಲು ಸಾಕು. ಹಳೆಯ ಮರದ ತಿರುಳಿನ ಇದ್ದಲು ಗೋರಿಗಿಂತ ನೂರಾರು ವರ್ಷ ಹಿಂದಿನ ಕಾಲ ತೋರಿಸಬಹುದು. ಒಂದೇ ವರ್ಷ ಬದುಕಿದ ಧಾನ್ಯದ ಸುಟ್ಟ ಕಾಳು ಸಿಕ್ಕರೆ ಅದೇ ನಿಜವಾದ ನಿಧಿ. ಗೋರಿಯ ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಿದರೆ ಅಂಥ ಕಾಳು ಮೇಲಕ್ಕೆ ತೇಲಿ ಬರುತ್ತದೆ.

ಬಹಳ ಮುಖ್ಯವಾದದ್ದು, ಆ ದಿನ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಬಾರದು. ಊರಿನ ಹೆಸರಿನ ಜೊತೆ ಒಂದು ಫೋಟೋ ಹೋದರೆ ಮೂರನೆಯ ರಾತ್ರಿ ಹಾರೆ ಹಿಡಿದು ಬರುವವರು ಇರುತ್ತಾರೆ. ಜಿಲ್ಲಾಧಿಕಾರಿ ಕಚೇರಿಗೆ, ಪುರಾತತ್ತ್ವ ಇಲಾಖೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ತೆಗೆದುಕೊಳ್ಳುವುದು ಬೇರೆ, ಲೋಕಕ್ಕೆ ಸಾರುವುದು ಬೇರೆ. ಸಾರ್ವಜನಿಕ ಪುರಾತತ್ತ್ವ ಎಂದರೆ ಎಲ್ಲವನ್ನೂ ಎಲ್ಲರಿಗೂ ತೋರಿಸುವುದು ಎಂಬ ಅರ್ಥ ಬಂದುಬಿಟ್ಟಿದೆ. ಕಾವಲಿಲ್ಲದ ಕಡೆ ಗುಟ್ಟು ಕಾಯುವುದೂ ಸಾರ್ವಜನಿಕ ಹಿತವೇ.

ಆಮೇಲೆ ಅಗೆಯಬೇಕೇ? ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸಂದರ್ಭದಲ್ಲಿ ಬೇಡ. ಅಗೆಯುವುದೆಂದರೆ ಓದುತ್ತಾ ಪುಟ ಹರಿದು ಹಾಕುವ ಕೆಲಸ, ಎರಡನೆಯ ಸಲ ಓದಲಾಗುವುದಿಲ್ಲ. ದಾಖಲಿಸಿ, ಮೇಲೆ ನೈಲಾನ್ ಬಲೆಯೋ ಬಟ್ಟೆಯೋ ಹಾಸಿ, ಜರಡಿ ಹಿಡಿದ ಮಣ್ಣನ್ನು ಗಟ್ಟಿಯಾಗಿ ತುಂಬಿ ಮುಚ್ಚಬಹುದು. ಬಲೆಯ ಮೇಲೆ ಈ ವರ್ಷದ ಒಂದು ನಾಣ್ಯ ಇಡುವುದು ವಾಡಿಕೆ. ನಾಳೆ ಅಗೆಯುವವರಿಗೆ ಇಲ್ಲಿವರೆಗೆ ನಮ್ಮ ಕೈ ಬಂದಿತ್ತು ಎಂದು ಅದು ತಿಳಿಸುತ್ತದೆ.

ಪಾಂಡವರ ಮನೆ

ಊರಿನಲ್ಲಿ ಇವನ್ನು ಯಾರೂ ಬೃಹತ್ ಶಿಲಾಗೋರಿ ಎನ್ನುವುದಿಲ್ಲ. ಪಾಂಡವಪಾರೆ, ಪಾಂಡುಪಾರೆ ಎನ್ನುತ್ತಾರೆ. ವನವಾಸದಲ್ಲಿ ಪಾಂಡವರು ಉಳಿದುಕೊಂಡ ಮನೆಗಳಂತೆ. ಸೋಮವಾರಪೇಟೆ ಕಡೆ ಮೋರಿಬೆಟ್ಟ ಎಂಬ ಹೆಸರಿದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ನೂರಾರು ಕಲ್ಮನೆಗಳಿರುವ ಬೆಟ್ಟಕ್ಕೂ ಮೋರ್ಯರ ಬೆಟ್ಟ ಎಂದೇ ಹೆಸರು, ಮೋರ್ಯರು ಎಂದರೆ ಕುಳ್ಳ ಜನ ಎಂಬ ಕತೆ ಅಲ್ಲಿದೆ. 1860ರ ದಶಕದ ಕೊನೆಯಲ್ಲಿ ಕೊಡಗಿನ ಸೂಪರಿಂಟೆಂಡೆಂಟ್ ಆಗಿದ್ದ ಕ್ಯಾಪ್ಟನ್ ಕೋಲ್ ಈ ಗೋರಿಗಳ ಬಗ್ಗೆ ಬರೆದರು, 1870ರಲ್ಲಿ ಅಚ್ಚಾದ ರಿಕ್ಟರ್ ಪಾದ್ರಿಯ ಕೊಡಗಿನ ಕೈಪಿಡಿಯಲ್ಲೂ ಇವುಗಳ ವಿವರ ಇದೆ. ಆ ಕಾಲದಿಂದ ಪುರಾತತ್ತ್ವ ಮಾಡಿದ ಮೊದಲ ಕೆಲಸ, ‘ಇದು ಪಾಂಡವರ ಮನೆಯಲ್ಲ, ಗೋರಿ’ ಎಂದು ತಿದ್ದಿದ್ದು.

ತಿದ್ದುಪಡಿ ಸರಿಯೇ. ಆದರೆ ಅದರಿಂದ ಏನಾಯಿತು ಎಂದು ನೋಡಬೇಕು. ಪಾಂಡವರ ಮನೆ ಎಂಬ ನಂಬಿಕೆ ಇದ್ದಲ್ಲಿ ಜನ ಅದನ್ನು ಒಡೆಯಲು ಹಿಂಜರಿಯುತ್ತಿದ್ದರು. ಮನೆ ಹೋಗಿ ಹೆಣದ ಗುಂಡಿಯಾದ ಮೇಲೆ ಎರಡು ಹೊಸ ಆಸೆಗಳು ಹುಟ್ಟಿದವು. ತೋಟದೊಳಗೆ ಹೆಣದ ಗುಂಡಿ ಇರುವುದು ಒಳ್ಳೆಯದಲ್ಲ, ತೆಗೆಸಿಬಿಡೋಣ ಎಂಬುದು ಒಂದು. ಸತ್ತವರ ಜೊತೆ ಚಿನ್ನ ಇಡುತ್ತಿದ್ದರಂತೆ ಎಂಬುದು ಇನ್ನೊಂದು. ನಾವು ಕೊಟ್ಟ ನಿಜವಾದ ಮಾಹಿತಿಯೇ ಕಲ್ಲಿಗೆ ಕುತ್ತಾಯಿತು. ಇಲ್ಲಿ ಸಿದ್ಧಾಂತ ಉಪಯೋಗಕ್ಕೆ ಬರುತ್ತದೆ. 1980ರ ದಶಕದಿಂದ ಈಚೆಗೆ ಬ್ರಿಟಿಷ್ ಪುರಾತತ್ತ್ವಜ್ಞ ಇಯಾನ್ ಹಾಡರ್ ಮೊದಲಾದವರು ಒತ್ತಿ ಹೇಳಿದ್ದು, ಒಂದು ನೆಲೆಗೆ ಅರ್ಥ ಹಚ್ಚುವವರು ಅಗೆಯುವವರು ಮಾತ್ರವಲ್ಲ ಎಂದು. ಪಾಂಡವರ ಕತೆ ಆ ಕಲ್ಲಿನ ಇತಿಹಾಸದ ಒಂದು ಪದರ. ಕಬ್ಬಿಣ ಯುಗದ ಪದರಕ್ಕಿಂತ ಮೇಲಿನದು, ಈಚಿನದು, ಅಷ್ಟೇ. ಮಣ್ಣಿನ ಮೇಲಿನ ಪದರವನ್ನು ದಾಖಲಿಸದೆ ಕೆಳಗಿನದಕ್ಕೆ ಇಳಿಯುವುದು ಅಗೆತದಲ್ಲಿ ತಪ್ಪು ಎಂದಾದರೆ, ಕತೆಯ ಪದರಕ್ಕೂ ಅದೇ ನಿಯಮ. ಆದ್ದರಿಂದ ಯಾರು ಹೇಳಿದರು, ಯಾವ ಮಾತಿನಲ್ಲಿ ಹೇಳಿದರು, ಆ ಕಲ್ಲಿಗೆ ಹರಕೆ ಇದೆಯೇ, ಮಕ್ಕಳನ್ನು ಅಲ್ಲಿ ಆಡಲು ಬಿಡುತ್ತಾರೆಯೇ ಎಂಬುದೆಲ್ಲ ದಾಖಲೆಯ ಹಾಳೆಯಲ್ಲಿ ಇರಬೇಕು, ಚಪ್ಪಡಿಯ ಅಳತೆಯ ಪಕ್ಕದಲ್ಲೇ.

ಆದರೆ ಎಲ್ಲ ದನಿಗೂ ಜಾಗವಿದೆ ಎಂದರೆ ಎಲ್ಲ ಮಾತೂ ನಿಜ ಎಂದಲ್ಲ. ಕೊಡಗಿನಲ್ಲಿ ಮೂಲನಿವಾಸಿ ಯಾರು ಎಂಬ ಚರ್ಚೆ ಬಿಸಿಯಾದದ್ದು. ಕೊಡವರು ಅಲೆಗ್ಸಾಂಡರನ ಸೈನಿಕರ ವಂಶ ಎಂಬ ಕತೆಯಿಂದ ಹಿಡಿದು ಎಷ್ಟೋ ವಾದಗಳಿವೆ. ಗೋರಿ ಸಿಕ್ಕ ಕೂಡಲೇ ಇದು ನಮ್ಮ ಪೂರ್ವಜರದ್ದು ಎನ್ನುವ ಒತ್ತಾಸೆ ಸಹಜ. ಕಪ್ಪು ಕೆಂಪು ಮಡಕೆ, ಕಬ್ಬಿಣ, ಕಲ್ಲುಗೋರಿ ಈ ಮೂರೂ ವಿದರ್ಭದಿಂದ ತಮಿಳುನಾಡಿನವರೆಗೆ ಸಿಗುತ್ತವೆ. ಮಡಕೆ ಒಂದು ಭಾಷೆ ಮಾತನಾಡುವುದಿಲ್ಲ, ಅದಕ್ಕೆ ಒಕ್ಕದ (ಕೊಡವ ಮನೆತನದ) ಹೆಸರಿಲ್ಲ. ಮಡಕೆಯ ಬಗೆ ಎಂದರೆ ಒಂದು ಜನಾಂಗ ಎಂಬ ಹಳೆಯ ಸಮೀಕರಣವನ್ನು ಪುರಾತತ್ತ್ವ ಬಿಟ್ಟು ಅರ್ಧ ಶತಮಾನ ದಾಟಿದೆ. ಕಾಲದ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಅಗೆದ ಮಾರ್ಟಿಮರ್ ವ್ಹೀಲರ್ ಅಲ್ಲಿಯ ಶಿಲಾಗೋರಿಗಳನ್ನು ಕ್ರಿ.ಪೂ. 200ರ ಆಸುಪಾಸಿಗೆ ತಂದು ನಿಲ್ಲಿಸಿದ್ದರು. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನ ಅಗೆತದಲ್ಲಿ ಸಿಕ್ಕ ಇದ್ದಲಿನ ಚೂರುಗಳು ಕರ್ನಾಟಕದಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಹತ್ತಿರಕ್ಕೆ ಒಯ್ದವು. ದೊಡ್ಡ ವಿದ್ವಾಂಸರ ತೀರ್ಮಾನ ಸರಿದದ್ದು ಬೆರಳ ತುದಿಯಷ್ಟು ಇದ್ದಲಿನಿಂದ. ಅದಕ್ಕೇ ಆ ಅಲ್ಯೂಮಿನಿಯಂ ಹಾಳೆಯ ಮಾತನ್ನು ಅಷ್ಟು ಒತ್ತಿ ಹೇಳಿದ್ದು.

ಮೂಳೆ ಸಿಕ್ಕರೆ? ವಿಶ್ವ ಪುರಾತತ್ತ್ವ ಕಾಂಗ್ರೆಸ್ 1989ರಲ್ಲಿ ವರ್ಮಿಲಿಯನ್ ಒಪ್ಪಂದ ಎಂಬ ಒಂದು ಪುಟದ ನಿಯಮಾವಳಿ ಒಪ್ಪಿಕೊಂಡಿತು. ಸತ್ತವರ ಅವಶೇಷಕ್ಕೆ ಗೌರವ, ಸತ್ತವರ ಇಚ್ಛೆಗೆ ಗೌರವ, ಸ್ಥಳೀಯ ಸಮುದಾಯದ ಮಾತಿಗೆ ಗೌರವ, ಸಂಶೋಧನೆಯ ಮೌಲ್ಯಕ್ಕೂ ಗೌರವ ಎಂಬುದು ಅದರ ತಿರುಳು. ಡಿಎನ್‌ಎ ಪರೀಕ್ಷೆಗೆ ಮೂಳೆ ಕೊರೆದು ಪುಡಿ ಮಾಡಬೇಕು. ಕೊಡಗಿನ ಮಣ್ಣಿನಲ್ಲಿ ಫಲ ಸಿಗುವ ಸಾಧ್ಯತೆ ಬಹಳ ಕಡಿಮೆ. ಸಿಗದ ಉತ್ತರಕ್ಕಾಗಿ ಇರುವ ನಾಲ್ಕು ಚೂರನ್ನೂ ಪುಡಿ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಎಣ್ಣೆ ಹಚ್ಚಿದ ಕಲ್ಲು

ಗೋರಿ ಪೂಜೆಗೆ ಒಳಗಾಗಿರುವುದು ಅಪರೂಪ, ವೀರಗಲ್ಲು ಹಾಗಲ್ಲ. ಗದ್ದೆಯ ಬದಿಯಲ್ಲೋ ದೇವಕಾಡಿನ ಅಂಚಿನಲ್ಲೋ ನಿಂತ ಕಲ್ಲಿಗೆ ವರ್ಷಕ್ಕೊಮ್ಮೆ ಎಣ್ಣೆ, ಅರಿಶಿನ, ಕುಂಕುಮ. ನೂರು ವರ್ಷದ ಎಣ್ಣೆ ಹೊಗೆಯ ಜೊತೆ ಸೇರಿ ಕಪ್ಪು ಪದರವಾಗಿ ಅಕ್ಷರದ ಸಂದಿಗಳನ್ನು ತುಂಬಿರುತ್ತದೆ. ಶಾಸನ ಓದುವವರಿಗೆ ಇದು ಕಾಟ. ತಂತಿ ಬ್ರಷ್‌ನಿಂದ ಉಜ್ಜುವುದು, ಸೋಡಾ ಹಾಕಿ ತಿಕ್ಕುವುದು, ಅಕ್ಷರದೊಳಗೆ ಸೀಮೆಸುಣ್ಣ ತುಂಬಿ ಫೋಟೋ ತೆಗೆಯುವುದು ಇವೆಲ್ಲ ನಡೆದಿವೆ. ತಂತಿ ಬ್ರಷ್ 1,100 ವರ್ಷದ ಅಕ್ಷರದ ಅಂಚನ್ನು ಹತ್ತು ನಿಮಿಷದಲ್ಲಿ ದುಂಡಗೆ ಮಾಡುತ್ತದೆ. ಸೀಮೆಸುಣ್ಣ ಹಾಕಿದವರು ತಾವು ಓದಿದ್ದನ್ನೇ ಬರೆಯುತ್ತಾರೆ, ಕಲ್ಲಿನಲ್ಲಿದ್ದದ್ದನ್ನಲ್ಲ.

ಪಡಿಯಚ್ಚು ತೆಗೆಯುವ ಹಳೆಯ ವಿಧಾನದಲ್ಲಿ ಕಲ್ಲನ್ನು ನೀರು ಮತ್ತು ಮೆತ್ತನೆಯ ನಾರಿನ ಬ್ರಷ್‌ನಿಂದ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಕುಳಿಗೆ ಇಳಿಸಿ, ಕಾಗದ ಅರೆ ಒಣಗಿದಾಗ ಕಾಡಿಗೆ ಮಸಿಯ ಬಟ್ಟೆಯುಂಡೆಯಿಂದ ಮೆಲ್ಲಗೆ ಒತ್ತಬೇಕು. ಕಾಗದ ತುಂಬಾ ಒದ್ದೆಯಿದ್ದರೆ ಮಸಿ ಹರಡುತ್ತದೆ, ತುಂಬಾ ಒಣಗಿದರೆ ಕಲ್ಲಿನಿಂದ ಏಳುತ್ತದೆ. ಕೊಡಗಿನ ಜುಲೈ ತಿಂಗಳಿನಲ್ಲಿ ಅದು ಒಣಗುವುದೇ ಇಲ್ಲ. ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್. ಎಣ್ಣೆ ಹಿಡಿದ ಕಲ್ಲಿನ ಮೇಲೆ ಕಾಗದ ಅಂಟುವುದೂ ಇಲ್ಲ. ಅಂಥ ಕಡೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೇಲ್ಮೈಗೆ ಓರೆಯಾಗಿ ಹಿಡಿದು, ಬೇರೆ ಬೇರೆ ಕೋನದಿಂದ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಬರುತ್ತದೆ. ಅಕ್ಕಪಕ್ಕದ ಫೋಟೋಗಳು ಮೂರರಲ್ಲಿ ಎರಡು ಪಾಲು ಒಂದರ ಮೇಲೊಂದು ಬರುವಂತೆ ನೂರು ಫೋಟೋ ತೆಗೆದರೆ ಕಂಪ್ಯೂಟರಿನಲ್ಲಿ ಕಲ್ಲಿನ ಮೂರು ಆಯಾಮದ ಪ್ರತಿಯೇ ಸಿಗುತ್ತದೆ, ಕಲ್ಲನ್ನು ಮುಟ್ಟದೆ. ಅದಕ್ಕೂ ಮೊದಲು ಒಕ್ಕದ ಹಿರಿಯರಾದ ಪಟ್ಟೆದಾರರನ್ನು, ದೇವಸ್ಥಾನಕ್ಕೆ ಸೇರಿದ್ದಾದರೆ ಅದರ ಮುಖ್ಯಸ್ಥರಾದ ತಕ್ಕರನ್ನು ಕೇಳಬೇಕು. ಮೇಲಿನ ಎಣ್ಣೆ ತೆಗೆಯಬಹುದೇ ಎಂಬುದನ್ನು ಹೇಳಬೇಕಾದವರು ಅವರು. ಅವರು ಬೇಡವೆಂದರೆ ಬೇಡ.

ದೇವಕಾಡಿನ ಮಣ್ಣಿನ ನಾಯಿಗಳ ವಿಷಯದಲ್ಲಿ ಈ ಮಾತಿಗೆ ಇನ್ನೂ ತೂಕ. ಬೇಟೆಯ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಸುಟ್ಟ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿ ನಿಂತು, ಪಾಚಿ ಹಿಡಿದು, ಕಿವಿ ಮುರಿದು ಮಣ್ಣಾಗುತ್ತವೆ. ಹಾಗೆ ಮಣ್ಣಾಗುವುದೇ ಹರಕೆಯ ಉಳಿದರ್ಧ. ಅದನ್ನು ಎತ್ತಿ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ವಸ್ತು ಉಳಿಯಿತು, ಹರಕೆ ಅರ್ಧಕ್ಕೆ ನಿಂತಿತು. ಎಣಿಸಿ, ಅಳೆದು, ಸಾಲಿನ ನಕ್ಷೆ ಬರೆದು ಅಲ್ಲೇ ಬಿಟ್ಟು ಬರುವುದು ಸರಿಯಾದ ಪುರಾತತ್ತ್ವ.

ಕಡಂಗ ಮತ್ತು ಹಾಡಿ

ಕೊಡಗಿನ ಅತಿ ದೊಡ್ಡ ಪುರಾತನ ರಚನೆ ಕಲ್ಲಿನದ್ದಲ್ಲ, ಮಣ್ಣಿನದು. ಗುಡ್ಡ ಕಾಡು ಗದ್ದೆ ಎನ್ನದೆ ಹರಿಯುವ ಯುದ್ಧ ಕಂದಕಗಳು, ಕಡಂಗಗಳು. ಬ್ರಿಟಿಷರ ಕಾಲದ ಗೆಜೆಟಿಯರುಗಳು ಅವುಗಳ ಒಟ್ಟು ಉದ್ದವನ್ನು 500ರಿಂದ 600 ಮೈಲಿ ಎಂದು ಅಂದಾಜಿಸಿದ್ದವು. ಕ್ರಿ.ಶ. 888ರ ಬಿಳಿಯೂರು ಶಾಸನದಲ್ಲಿ ಬರುವ ಊರ ಹೆಸರಿನಲ್ಲೇ ಕಡಂಗ ಇದೆ, ವಿರಾಜಪೇಟೆ ಹತ್ತಿರ ಇಂದಿಗೂ ಕಡಂಗ ಎಂಬ ಊರಿದೆ. ಇಷ್ಟು ಉದ್ದದ ದಿಬ್ಬಕ್ಕೆ ಬೇಲಿ ಹಾಕಲಾಗದು. ರಸ್ತೆಗೆಂದು ಎಲ್ಲಾದರೂ ಅದನ್ನು ಸೀಳಿದಾಗ ಆ ಸೀಳನ್ನು ಓದುವುದೇ ದಾರಿ. ದಿಬ್ಬದ ಅಡಿಯಲ್ಲಿ ಹಳೆಯ ನೆಲದ ಕಪ್ಪು ಗೆರೆ ಸಿಕ್ಕರೆ, ಅಲ್ಲಿಗೆ ಉಕ್ಕಿನ ಕೊಳವೆ ಹೊಡೆದು ಬೆಳಕು ತಾಗದಂತೆ ಮಣ್ಣು ತೆಗೆದರೆ, ಅದರೊಳಗಿನ ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯಬಹುದು. ಅದೇ ಕಡಂಗ ಕಟ್ಟಿದ ಕಾಲ. ಕ್ಷಣಹೊತ್ತು ಬಿಸಿಲು ತಾಗಿದರೂ ಆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ.

ಇನ್ನು ಹಾಡಿಗಳು, ಎಂದರೆ ಆದಿವಾಸಿಗಳ ಊರುಗಳು. ಅರಮನೆ, ರಾಜರ ಸಮಾಧಿಗಳಾದ ಗದ್ದಿಗೆ, ಒಕ್ಕದ ಮೂಲಮನೆಯಾದ ಐನ್‌ಮನೆಗಳಿಗೆ ಸಿಕ್ಕ ಗಮನದ ನೂರನೇ ಒಂದು ಪಾಲೂ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ, ನಾಗರಹೊಳೆಯೊಳಗೆ ಖಾಲಿಯಾದ ಜೇನುಕುರುಬರ, ಯರವರ ಹಾಡಿಗಳಿಗೆ ಸಿಕ್ಕಿಲ್ಲ. ಆದರೆ ಪುರಾತತ್ತ್ವದ ವಿಧಾನ ಬದುಕಿರುವವರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಅಲ್ಲೇ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಹಕ್ಕು ಕೇಳುವವರು ಒದಗಿಸಬಹುದಾದ ಸಾಕ್ಷ್ಯಗಳ ಪಟ್ಟಿಯಲ್ಲಿ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಂಥ ಹಳಮೆ ತೋರಿಸುವ ರಚನೆಗಳೂ ಇವೆ. ಮಟ್ಟ ಮಾಡಿದ ಮನೆಯ ಅಡಿ, ಒಲೆಗಲ್ಲು, ಕಾಡಿನ ನಡುವೆ ಗುಂಪಾಗಿ ನಿಂತ ಮಾವು ಹಲಸು, ಬಳೆ ಚೂರು, ಸಮಾಧಿಯ ಗುರುತು ಇವನ್ನು ಅಳೆದು ನಕ್ಷೆಗೆ ಹಾಕುವುದು ಯಾವ ಅಗೆತವೂ ಬೇಡದ ಕೆಲಸ. ಹಾಡಿಯ ಹಿರಿಯರು ಮುಂದೆ ನಡೆಯಬೇಕು, ಟೇಪು ಹಿಡಿದವರು ಹಿಂದೆ. ನಕ್ಷೆಯ ಮೂಲ ಪ್ರತಿ ಗ್ರಾಮಸಭೆಯ ಬಳಿ ಇರಬೇಕು, ಸಂಶೋಧಕರ ಲ್ಯಾಪ್‌ಟಾಪಿನಲ್ಲಿ ಅಲ್ಲ. ದೇವರ ಜಾಗ ಎಲ್ಲಿ ಎಂಬುದನ್ನು ಹೇಳುವುದೂ ಹೇಳದಿರುವುದೂ ಅವರ ಇಷ್ಟ.

ಹನ್ನೆರಡು ಗಿಡ

ಮತ್ತೆ ತೋಟಕ್ಕೆ. ಸಂರಕ್ಷಿತ ಎಂದು ಘೋಷಿಸಿದರೆ ಏಳೂಮುಕ್ಕಾಲು ಎಕರೆ, ಸುಮ್ಮನಿದ್ದರೆ ಹಿಟಾಚಿ. ಇವೆರಡರ ನಡುವೆ ಏನೂ ಇಲ್ಲ ಎಂಬಂತಾಗಿದೆ. ನಡುವಿನದನ್ನು ಲೆಕ್ಕ ಹಾಕಿ ನೋಡಬಹುದು. ಎಂಟು ಮೀಟರ್ ಅಡ್ಡಳತೆಯ ಕಲ್ಲಿನ ವೃತ್ತ, ಸುತ್ತ ಎರಡು ಮೀಟರ್ ಅಂಚು. ಒಟ್ಟು ಹನ್ನೆರಡು ಮೀಟರ್ ಅಡ್ಡಳತೆ, ನೂರಾ ಹದಿಮೂರು ಚದರ ಮೀಟರ್. ಹತ್ತಡಿ ಅಂತರದ ರೊಬಸ್ಟಾ ಆದರೆ ಹನ್ನೆರಡು ಗಿಡ. ಆರಡಿ ಅಂತರದ ಅರೇಬಿಕಾ ಆದರೆ ಮೂವತ್ತನಾಲ್ಕು. ಅಷ್ಟು ಗಿಡ ಬಿಟ್ಟರೆ ಗೋರಿ ಉಳಿಯುತ್ತದೆ. ಮಳೆ ನೀರು ಇಂಗಿಸಲು ತೋಡುವ ತೊಟ್ಟಿಲು ಗುಂಡಿಯ ಸಾಲು ಅಲ್ಲಿಗೆ ಬಂದಾಗ ಹಾರಿಸಿ ಮುಂದೆ ಹೋಗಬೇಕು. ವೃತ್ತದೊಳಗೆ ಆಳಕ್ಕೆ ಬೇರು ಬಿಡುವ ಮರ ನೆಡಬಾರದು, ಮೊದಲೇ ಇರುವ ಮರವನ್ನು ಬೇರು ಸಮೇತ ಕೀಳಲೂಬಾರದು. ಬುಡದಲ್ಲಿ ಕಡಿದು ಬೇರನ್ನು ಅಲ್ಲೇ ಕೊಳೆಯಲು ಬಿಡಬೇಕು. ಕಳೆಯನ್ನು ಕತ್ತಿಯಲ್ಲಿ ಸವರಬೇಕು, ಗುದ್ದಲಿ ಬೇಡ. ಮಾಲೀಕರು, ಪಂಚಾಯಿತಿ, ಇಲಾಖೆ ಮೂವರೂ ಸಹಿ ಹಾಕಿದ ಒಂದು ಹಾಳೆಯ ಒಪ್ಪಂದ, ಗೆಜೆಟ್ ಇಲ್ಲದೆ, 100 ಮೀಟರ್ ಇಲ್ಲದೆ. ಬಿಟ್ಟ ಗಿಡಗಳಿಗೆ ವರ್ಷಕ್ಕಿಷ್ಟು ಎಂದು ಪರಿಹಾರ. ಇಂಥದ್ದೊಂದು ದಾರಿ ಕಾಯ್ದೆಯಲ್ಲಿ ತೆರೆದುಕೊಂಡರೆ ಇಲಾಖೆಗೆ ಹೇಳಲು ತೋಟದವರು ಹೆದರಬೇಕಾಗಿಲ್ಲ. ಅಲ್ಲಿಯವರೆಗೆ, ಈ ಮಾರ್ಚಿನಲ್ಲಿ ಹೊಸ ಗಿಡಕ್ಕೆ ಗೂಟ ಹೊಡೆಯುವಾಗ ಮೇಸ್ತ್ರಿಯ ಕೈಗೆ ಒಂದು ಬುಟ್ಟಿ ಸುಣ್ಣ ಕೊಟ್ಟು, ಚಪ್ಪಡಿಯ ಸುತ್ತ ಆ ಹನ್ನೆರಡು ಮೀಟರಿನ ಗೆರೆ ಎಳೆಸಿಬಿಡಬಹುದು.